ಹನ್ನೊಂದು ತೂತು

ಹಡಗಿನ ಏಜೆಂಟನೊಬ್ಬ ಕಚೇರಿ ಮುಚ್ಚಿಕೊಂಡು ಹೋದಾಗ
ಹರಾಜಿನಲ್ಲಿ ಸಿಕ್ಕ ಮೇಜು ಇದು.
ಸಾಗವಾನಿ. ಎತ್ತಲು ನಾಲ್ಕು ಜನ, ಬೈಯಲು ಇಡೀ ಓಣಿ.
ಬಲಗಡೆ ಕದವಿರುವ ಗೂಡು, ಕದಕ್ಕೆ ಹಿತ್ತಾಳೆಯ ಕೀಲಿ;
ಲೆಕ್ಕದ ದಪ್ಪ ಪುಸ್ತಕಗಳು ನಿಲ್ಲುತ್ತಿದ್ದ ಆ ಕತ್ತಲಲ್ಲಿ
ನನ್ನ ಕಂಪ್ಯೂಟರು ಕೂತಿದೆ.

ಬಯಲಿಗಿಡುವ ಹಾಗಿಲ್ಲ. ಇದು ವಾಸ್ಕೋ.
ಬಂದರಿನಲ್ಲಿ ಕಲ್ಲಿದ್ದಲು ಇಳಿದ ದಿನ
ಬೆಳಿಗ್ಗೆ ಒರೆಸಿದ ಕೀಬೋರ್ಡಿನ ಮೇಲೆ ಮಧ್ಯಾಹ್ನಕ್ಕೆ
ಬೆರಳು ಬರೆಯುತ್ತದೆ, ಒತ್ತುವ ಮೊದಲೇ.
ಹಿಂದಿನ ಯಂತ್ರ ಸತ್ತಾಗ ರಿಪೇರಿಯ ಹುಡುಗ
ಫ್ಯಾನಿನ ರೆಕ್ಕೆಯಿಂದ ಕೆರೆದದ್ದನ್ನು ಪೊಟ್ಟಣ ಕಟ್ಟಿಕೊಟ್ಟ:
"ಅಕ್ಕಾ, ಒಲೆಗೆ ಹಾಕಿದರ ಎರಡು ಕಪ್ ಚಹಾ ಆಗ್ತದ."

ಅಂದಿನಿಂದ ಕದ ಮುಚ್ಚಿದೆ. ಧೂಳು ಹೊರಗೇ ನಿಂತಿತು.
ಬಿಸಿ ಒಳಗೇ ನಿಂತಿತು.

ಏಪ್ರಿಲ್ಲಿನ ಮೂರನೇ ವಾರ.
ಮೌಲಾಲಿ ನದಾಫನ ಅರ್ಜಿ, ಎರಡನೇ ಪುಟ,
ತಂದೆಯ ಹೆಸರು ಮುಗಿದು ತಾಲೂಕಿಗೆ ಬಂದೆ.
'ಮುದ್ದೇ' ಎಂಬಲ್ಲಿಗೆ ಪರದೆ ಕಪ್ಪಾಯಿತು.
ಎರಡನೇ ಸಲ 'ಮು'.
ಮೂರನೇ ಸಲ ತಂದೆಯೇ ಬರಲಿಲ್ಲ.
ಕದ ತೆಗೆದರೆ, ರೊಟ್ಟಿಯ ಹಂಚಿಗೆ ಬಗ್ಗಿದ ಹಾಗೆ
ಮುಖಕ್ಕೆ ಬಡಿಯಿತು ಝಳ.
ದಿನದ ಕೂಲಿ ಬಿಟ್ಟು ಬಂದವ, ಸ್ಟೂಲಿನ ತುದಿಯಲ್ಲಿ ಕೂತು,
ತಪ್ಪು ತನ್ನ ಊರಿನದೇ ಎಂಬಂತೆ ಕೇಳಿದ:
"ಬ್ಯಾರೆ ತಾಲೂಕ ಹಾಕಿದರ ನಡೀತದೇನ್ರಿ, ದ್ರಾಕ್ಷಕ್ಕಾ?"

ಸಲಹೆಗೆ ಬರವಿಲ್ಲ ಈ ಓಣಿಯಲ್ಲಿ.
ಮೀನಿನ ಪೆಟ್ಟಿಗೆಯ ಐಸು ಇಡು ಎಂದಳು ಫಿಲೊಮೆನಾ.
ಟೇಬಲ್ ಫ್ಯಾನು ತಿರುಗಿಸಿ ನೋಡಿದೆ:
ಅದೇ ಬಿಸಿಯನ್ನು ಗೂಡಿನೊಳಗೇ ಸುತ್ತಿಸಿತು,
ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ
ಕಂಡಕ್ಟರು ಮುಂದೆ ಹೋಗಿ, ಮುಂದೆ ಹೋಗಿ ಎಂದಂತೆ.

ಕಡೆಗೆ ಬಂದವರು ಕಯ್ತಾನ್ ಮೇಸ್ತ್ರಿ,
ಕಾರವಾರದಲ್ಲಿ ದೋಣಿ ಕಟ್ಟುತ್ತ ಕನ್ನಡ ಕಲಿತವರು.
ಕಿವಿಯ ಹಿಂದೆ ಪೆನ್ಸಿಲು. ಕಂಪ್ಯೂಟರಿನ ಕಡೆ ನೋಡಲೇ ಇಲ್ಲ.
"ಊದುಬತ್ತಿ ಉಂಟಾ?"
ಹಚ್ಚಿ, ಗೂಡಿನೊಳಗೆ ನಿಲ್ಲಿಸಿ, ಕದ ಅರ್ಧ ಮುಚ್ಚಿ
ಕುಕ್ಕರುಗಾಲಲ್ಲಿ ಕೂತರು.
ಹೊಗೆ ಏರಿತು. ಹಲಗೆಗೆ ತಲೆ ತಾಕಿತು. ಇಳಿಯಿತು.
ವಿಳಾಸ ತಪ್ಪಿದವರ ಹಾಗೆ
ಮತ್ತೆ ಅದೇ ಮೂಲೆಗೆ ಬಂದು ನಿಂತಿತು.
"ಪಳಯ್ ಬಾಯ್, ಬರಲಿಕ್ಕೆ ಬಾಗಿಲು ಉಂಟು. ಹೋಗಲಿಕ್ಕೆ?
ಹೋಗಲಿಕ್ಕೆ ದಾರಿ ಇಲ್ಲದಲ್ಲಿಗೆ ಗಾಳಿ ಬರುವುದೂ ಇಲ್ಲ."

ಮುಂದೆ ಕೆಳಗೆ ಐದು, ಹಿಂದೆ ಮೇಲೆ ಆರು.
ಡ್ರಿಲ್ಲು ಕೊರೆದಷ್ಟೂ ಮರದ ವಾಸನೆ,
ಯಾರದೋ ಅಜ್ಜನ ಕಾಲದ್ದು, ಇಷ್ಟು ದಿನ ಅಡಗಿದ್ದದ್ದು.
ಒಂದೊಂದು ತೂತಿಗೂ ನನ್ನೆದೆ ಝಲ್ಲೆಂದಿತು:
ಎಂಟು ಸಾವಿರ ಕೊಟ್ಟ ಮೇಜು!
ಹಿಂದಿನ ಆರಕ್ಕೆ ಸೇರಿ ಒಂದು ಪುಟ್ಟ ಫ್ಯಾನು, ಹೊರಕ್ಕೆ ಊದುವಂತೆ.
ಮುಂದಿನ ಐದಕ್ಕೆ ನನ್ನ ಹಳೆಯ ವಾಯಿಲ್ ಸೀರೆಯ ಎರಡು ಪದರ.
ಮತ್ತೊಂದು ಊದುಬತ್ತಿ.
ಈ ಸಲ ಹೊಗೆ ಒಂದು ಗಳಿಗೆ ಅನುಮಾನಿಸಿ,
ಬಾಗಿ, ಹಿಂದಿನಿಂದ ಹೊರಟುಹೋಯಿತು.
ತೊಂಬತ್ತೊಂದು ತೋರಿಸುತ್ತಿದ್ದ ಅಂಕಿ ಅರವತ್ತಾರಕ್ಕೆ ಇಳಿಯಿತು.
ಮುದ್ದೇಬಿಹಾಳ ಪೂರ್ತಿ ಬಂತು.

ಭಾನುವಾರಕ್ಕೊಮ್ಮೆ ಸೀರೆಯ ತುಂಡು ಬಿಚ್ಚಿ ಒಗೆಯುತ್ತೇನೆ.
ನೀರು ಮೂರು ಸಲ ಕಪ್ಪು, ನಾಲ್ಕನೇ ಸಲ ಬೂದು,
ಐದನೆಯದಕ್ಕೆ ನನಗೆ ತಾಳ್ಮೆಯಿಲ್ಲ.
ನನ್ನ ಮೂಗಿಗೆ ಎಷ್ಟು ಪದರ ಬೇಕೆಂದು
ಡಾಕ್ಟರನ್ನು ಕೇಳಬೇಕು. ಮರೆಯುತ್ತೇನೆ.

ಕೊರೆದು ಬಿದ್ದ ಬಿಲ್ಲೆಗಳು ಡ್ರಾಯರಿನಲ್ಲಿವೆ, ಹತ್ತು.
ಒಂದನ್ನು ಮೌಲಾಲಿ ಕೇಳಿ ಒಯ್ದ, ಮಂಚದ ಕುಂಟು ಕಾಲಿಗೆ.
ಹೊಸ್ತಿಲಲ್ಲಿ ನಿಂತು, ತಿರುಗಿ, ತೂತುಗಳಿಗೆ ಬೆರಳು ಮಾಡಿ:
"ನಮ್ಮ ಖೋಲಿಗೆ ನಾಕೂ ಕಡೆ ತಗಡರಿ. ಏಳು ಮಂದಿ ಮಲಗತೀವಿ.
ಆ ಮುದುಕ ತಗಡ ಕೊರೀತಾನೇನು?"

ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.
ರಸೀದಿಯ ಬೆನ್ನಿಗೆ ಮೇಸ್ತ್ರಿಯ ನಂಬರು ಬರೆದುಕೊಟ್ಟೆ,
ಪೊಟ್ಟಣದಲ್ಲಿ ಉಳಿದಿದ್ದ ಊದುಬತ್ತಿಯನ್ನೂ.